ಸೊಟ್ಟ ಪಾದ ಕತ್ತರಿಯಿಲ್ಲದೆ ನೇರವಾದ ಬಗೆ

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಮೂಳೆ ವಿಭಾಗಕ್ಕೆ 1941ರಲ್ಲಿ ಸ್ಪೇನಿನ ಯುವ ವೈದ್ಯರೊಬ್ಬರು ಬಂದು ಸೇರಿದರು. ಹೆಸರು ಇಗ್ನಾಸಿಯೊ ಪೊನ್ಸೆಟಿ. ಮೆನೋರ್ಕಾ ದ್ವೀಪದ ವಾಚ್ ರಿಪೇರಿಯವರ ಮಗ. ಸ್ಪೇನಿನ ಅಂತರ್ಯುದ್ಧದಲ್ಲಿ ಗಾಯಾಳು ಸೈನಿಕರ ಮೂಳೆ ಕೂಡಿಸಿ, ಸೋತ ಪಕ್ಷದವರೊಂದಿಗೆ ಗಡಿ ದಾಟಿ, ಮೆಕ್ಸಿಕೊದ ಹಳ್ಳಿಯೊಂದರಲ್ಲಿ ವೈದ್ಯರಾಗಿದ್ದು ಅಲ್ಲಿಗೆ ಬಂದಿದ್ದರು. ವಿಭಾಗದ ಮುಖ್ಯಸ್ಥ ಆರ್ಥರ್ ಸ್ಟೈಂಡ್ಲರ್ ಅವರಿಗೊಂದು ಕೆಲಸ ಹಚ್ಚಿದರು: ಹುಟ್ಟಿನಿಂದಲೇ ಪಾದ ಸೊಟ್ಟಗಿದ್ದು ಹಿಂದೆ ಅಲ್ಲಿ ಆಪರೇಷನ್ ಮಾಡಿಸಿಕೊಂಡವರು ಈಗ ಹೇಗಿದ್ದಾರೆ ನೋಡಬೇಕು.

ನೋಡಿದರೆ, ಪಾದಗಳು ಮರದಂತೆ ಬಿಗಿದಿದ್ದವು. ಬಲವಿರಲಿಲ್ಲ, ನೋವಿತ್ತು.

ಕ್ಲಬ್ ಫುಟ್ ಎಂದು ವೈದ್ಯರು ಕರೆಯುವ ಈ ತೊಂದರೆ ಸುಮಾರು ಸಾವಿರಕ್ಕೊಂದು ಮಗುವಿನಲ್ಲಿ ಕಾಣುತ್ತದೆ. ಇದರಲ್ಲಿ ನಾಲ್ಕು ಡೊಂಕುಗಳು ಕೂಡಿವೆ. ಪಾದದ ಕಮಾನು ಅತಿಯಾಗಿ ಎದ್ದಿದ್ದರೆ ಕೇವಸ್, ಪಾದದ ಮುಂಭಾಗ ಒಳಕ್ಕೆ ತಿರುಗಿದ್ದರೆ ಅಡಕ್ಟಸ್, ಹಿಮ್ಮಡಿ ಒಳಕ್ಕೆ ವಾಲಿದ್ದರೆ ವೇರಸ್, ಹಿಮ್ಮಡಿ ಮೇಲೆದ್ದು ನೆಲ ಮುಟ್ಟದಿದ್ದರೆ ಈಕ್ವೈನಸ್. ಹಾಗೇ ಬಿಟ್ಟರೆ ಮಗು ಪಾದದ ಹೊರ ಅಂಚಿನ ಮೇಲೆ ನಡೆಯುತ್ತದೆ, ಅಲ್ಲೇ ಜಡ್ಡು ಕಟ್ಟುತ್ತದೆ.

ಪ್ಲಾಸ್ಟರ್ ಹಾಕಿ ತಿದ್ದುವ ಕ್ರಮ ಆಗಲೂ ಇತ್ತು. ಅಟ್ಲಾಂಟದ ಹಿರಾಮ್ ಕೈಟ್ ಅದರಲ್ಲಿ ಹೆಸರಾದವರು. ಅವರು ಪಾದದ ಹೊರಬದಿಯನ್ನು ನಡುಭಾಗದಲ್ಲಿ ಒತ್ತಿ ಹಿಡಿದು ಮುಂಭಾಗವನ್ನು ತಿರುಗಿಸುತ್ತಿದ್ದರು. ಅಲ್ಲಿ ಒತ್ತಿದರೆ ಹಿಮ್ಮಡಿ ಕದಲದೆ ಸಿಕ್ಕಿಕೊಳ್ಳುತ್ತದೆ. ಚಿಕಿತ್ಸೆ ತಿಂಗಳುಗಟ್ಟಲೆ ಎಳೆಯುತ್ತಿತ್ತು. ಸತ್ತು ಹುಟ್ಟಿದ ಶಿಶುಗಳ ಪಾದಗಳನ್ನು ಬಿಡಿಸಿ ಪರೀಕ್ಷಿಸಿದ ಪೊನ್ಸೆಟಿ, ಕೀಲುಗಳು ಒಂದರ ಜೊತೆಗೊಂದು ಹೇಗೆ ಚಲಿಸುತ್ತವೆಂದು ಕಂಡುಕೊಂಡರು. ಹೆಬ್ಬೆರಳನ್ನು ಹರಡಿನ ಮುಂದೆ ಉಬ್ಬಿರುವ ಟೇಲಸ್ ಮೂಳೆಯ ತಲೆಯ ಮೇಲಿಡಬೇಕು. ಮೊದಲು ಮುಂಭಾಗದ ಒಳಬದಿಯನ್ನು ಎತ್ತಿ ಕಮಾನು ತಗ್ಗಿಸಬೇಕು. ಆಮೇಲೆ ಇಡೀ ಪಾದವನ್ನು ಟೇಲಸ್ ಸುತ್ತ ಮೆಲ್ಲಗೆ ಹೊರಕ್ಕೆ ತಿರುಗಿಸಿದರೆ ಹಿಮ್ಮಡಿ ತಾನಾಗಿ ಜೊತೆಗೆ ಬರುತ್ತದೆ. ಎಳೆ ಮಗುವಿನ ಅಸ್ಥಿರಜ್ಜುಗಳು ಹಿಗ್ಗಬಲ್ಲವು. ವಾರಕ್ಕೊಮ್ಮೆ ತೊಡೆಯವರೆಗೆ ಪ್ಲಾಸ್ಟರ್ ಬದಲಿಸಿದರೆ ಸಾಮಾನ್ಯವಾಗಿ ಐದಾರು ಸಲಕ್ಕೆ ಪಾದ ತಿದ್ದುತ್ತದೆ. ಹಿಮ್ಮಡಿ ಇಳಿಯದಿದ್ದರೆ ಹಿಂಬದಿಯ ದಪ್ಪ ಸ್ನಾಯುರಜ್ಜುವನ್ನು ಸಣ್ಣ ಗಾಯ ಮಾಡಿ ಕತ್ತರಿಸಿ ಮೂರು ವಾರ ಪ್ಲಾಸ್ಟರ್. ಕತ್ತರಿಸಿದ ರಜ್ಜು ಮತ್ತೆ ಬೆಳೆದು ಕೂಡಿಕೊಳ್ಳುತ್ತದೆ.

ಈ ಬಗ್ಗೆ ಅವರು 1963ರಲ್ಲೇ ಬರೆದರು. ಯಾರೂ ಕಿವಿಗೊಡಲಿಲ್ಲ. ದೊಡ್ಡ ದೊಡ್ಡ ಆಪರೇಷನ್‌ಗಳ ಕಾಲ ಅದು, ಕೈಯ ಚಳಕಕ್ಕೆ ಬೆಲೆಯಿರಲಿಲ್ಲ. ಎಷ್ಟು ಮಕ್ಕಳ ಪಾದಗಳು ಸುಮ್ಮನೆ ಕೊಯ್ಯಿಸಿಕೊಂಡವೋ ಎಂದು ನೆನೆದರೆ ಸಂಕಟವಾಗುತ್ತದೆ. ಅವರ 45 ರೋಗಿಗಳನ್ನು ಮೂವತ್ತು ವರ್ಷ ಕಳೆದ ಮೇಲೆ ಪರೀಕ್ಷಿಸಿದ ವರದಿ 1995ರಲ್ಲಿ ಬಂತು: ಶೇ 78ರಷ್ಟು ಮಂದಿಯ ಪಾದ ಚೆನ್ನಾಗಿತ್ತು. ಹುಟ್ಟಿನಿಂದ ದೋಷವೇ ಇಲ್ಲದವರಲ್ಲೂ ಆ ಪ್ರಮಾಣ ಶೇ 85 ಅಷ್ಟೆ. ಮರುವರ್ಷ, ಎಂಬತ್ತು ದಾಟಿದ್ದ ಪೊನ್ಸೆಟಿ ಪುಸ್ತಕ ಪ್ರಕಟಿಸಿದರು. ಆದರೂ ಈ ವಿಧಾನವನ್ನು ಊರೂರಿಗೆ ಮುಟ್ಟಿಸಿದವರಲ್ಲಿ ಮುಖ್ಯರು ತಂದೆತಾಯಂದಿರು. ಇಂಟರ್‌ನೆಟ್‌ನಲ್ಲಿ ಒಬ್ಬರಿಂದೊಬ್ಬರಿಗೆ ಸುದ್ದಿ ದಾಟಿತು. 2009ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಜಗತ್ತು ಅವರ ದಾರಿಗೆ ಬಂದಿತ್ತು.

ನಮ್ಮಲ್ಲಿ ಇಂಥ ಮಗು ಹುಟ್ಟಿದರೆ ಗ್ರಹಣದ ದಿನ ತಾಯಿ ಹೊರಗೆ ಬಂದಳೆಂದು ಬೈಯುವವರು ಈಗಲೂ ಇದ್ದಾರೆ. ತಾಯಿಯ ತಪ್ಪು ಇದರಲ್ಲಿ ಏನೂ ಇಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಸೊಟ್ಟ ಪಾದವೂ ಇದೆ, ಚಿಕಿತ್ಸೆ ಉಚಿತ. ಹುಟ್ಟಿದ ಕೆಲವೇ ವಾರಗಳಲ್ಲಿ ಆರಂಭಿಸಿದರೆ ಒಳ್ಳೆಯದು. ಆಶಾ ಕಾರ್ಯಕರ್ತೆಯನ್ನು ಕೇಳಿ. ಪ್ಲಾಸ್ಟರ್ ಹಾಕಿದಾಗ ಬೆರಳು ನೀಲಿಗಟ್ಟಿದರೆ ತಕ್ಷಣ ಆಸ್ಪತ್ರೆಗೆ ಓಡಿ. ಪ್ಲಾಸ್ಟರ್ ಮುಗಿದ ಮೇಲೆ ಅಡ್ಡಪಟ್ಟಿಗೆ ಜೋಡಿಸಿದ ಶೂಗಳನ್ನು ಕೊಡುತ್ತಾರೆ. ಪಾದ ನೇರವಾಯಿತೆಂದು ಅವನ್ನು ಮೂಲೆಗೆ ಎಸೆಯಬೇಡಿ: ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ನಾಲ್ಕು ವರ್ಷ ತುಂಬುವವರೆಗೆ ನಿದ್ದೆಯ ಹೊತ್ತಿನಲ್ಲಿ ಹಾಕಲೇಬೇಕು. ಹಾಕದಿದ್ದರೆ ಪಾದ ಮತ್ತೆ ಸೊಟ್ಟಗಾಗುತ್ತದೆ.