ಒಂದೇ ಡೋಸ್, ಆದ್ರೂ ಒಬ್ಬರಿಗೆ ಜಾಸ್ತಿ ಸುಡ್ತದೆ ಯಾಕೆ? ರೇಡಿಯೇಶನ್ ಬಗ್ಗೆ ತಿಳಿದಿರಲಿ

ಕುಂದಾಪುರ: ಬೆಳಿಗ್ಗೆ ಬಸ್ ಹತ್ತಿ ಮಣಿಪಾಲಕ್ಕೆ ಹೋಗಿ ರೇಡಿಯೇಶನ್ ತಗೊಂಡು ಬರುವವರು ಬೈಂದೂರು, ಕುಂದಾಪುರ, ಬ್ರಹ್ಮಾವರ ಕಡೆ ಇದ್ದಾರೆ. ಜನರ ಮಾತಲ್ಲಿ ಇದು 'ಕರೆಂಟ್ ಕೊಡುದು'. ಸ್ತನ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 3ರಿಂದ 5 ವಾರ ಕೊಡ್ತಾರೆ. ಒಬ್ಬರಿಗೆ ಚರ್ಮ ಸ್ವಲ್ಪ ಕೆಂಪಾಗಿ ಮುಗೀತದೆ. ಅಷ್ಟೇ ಡೋಸ್ ತಗೊಂಡ ಇನ್ನೊಬ್ಬರಿಗೆ ಸಿಪ್ಪೆ ಎದ್ದು ಹುಣ್ಣಾಗ್ತದೆ. 'ನಂಗ್ ಮಾತ್ರ ಎಂತಕ್ ಹೀಂಗ್?' ಅಂತ ಅವರು ಕೇಳುವುದು ಸಹಜ.

ಉತ್ತರ ನಮ್ಮ ಜೀವಕೋಶದ ಒಳಗೆ ಇದೆ. ರೇಡಿಯೇಶನ್ ಕೋಶದ ಡಿಎನ್‌ಎ ಎಳೆಗಳನ್ನು ತುಂಡು ಮಾಡ್ತದೆ. ಕ್ಯಾನ್ಸರ್ ಕೋಶ ಸಾಯುವುದು ಇದರಿಂದಲೇ. ಅಕ್ಕಪಕ್ಕದ ಒಳ್ಳೆ ಕೋಶಕ್ಕೂ ಪೆಟ್ಟು ಬೀಳ್ತದೆ, ಆದರೆ ಅದು ರಿಪೇರಿ ಮಾಡಿಕೊಳ್ತದೆ. ಗಂಗೊಳ್ಳಿಯಲ್ಲಿ ಹರಿದ ಬಲೆಯನ್ನು ಒಬ್ಬರು ಸಂಜೆಯೊಳಗೆ ಹೆಣೆದು ಮುಗಿಸ್ತಾರೆ, ಇನ್ನೊಬ್ಬರಿಗೆ ಎರಡು ದಿನ ಬೇಕು. ಈ ರಿಪೇರಿಯ ವೇಗವೂ ಹಾಗೇ, ಎಲ್ಲರದ್ದೂ ಒಂದೇ ಅಲ್ಲ.

ಇದನ್ನು ಮಣಿಪಾಲದಲ್ಲೇ ಪರೀಕ್ಷಿಸಿದ್ದಾರೆ. ಕಮಲೇಶ್ ಮುಂಬ್ರೇಕರ್, ಸತೀಶ್ ರಾವ್ ಅವರಿದ್ದ ತಂಡ ಸ್ತನ ಕ್ಯಾನ್ಸರ್ ರೋಗಿಗಳ ರಕ್ತದ ಬಿಳಿಕಣಕ್ಕೆ ಲ್ಯಾಬಲ್ಲಿ ರೇಡಿಯೇಶನ್ ಕೊಟ್ಟು, ಕೆಲವು ಗಂಟೆ ಬಿಟ್ಟು ಎಷ್ಟು ತುಂಡು ರಿಪೇರಿ ಆಗದೆ ಉಳಿದಿದೆ ಅಂತ ನೋಡಿತು. ಚರ್ಮ ಹೆಚ್ಚು ಸುಟ್ಟವರಲ್ಲಿ ಉಳಿಕೆ ಜಾಸ್ತಿ ಇತ್ತು. 2014ರಲ್ಲಿ ಇದು ಪ್ರಕಟವಾಯ್ತು. ಆದರೆ ಇಂಥ ರಕ್ತಪರೀಕ್ಷೆ ಆಸ್ಪತ್ರೆಗಳಲ್ಲಿ ಮಾಮೂಲಿಯಾಗಿ ಮಾಡುವಂಥದ್ದಲ್ಲ.

ದೇಹದ ತೂಕ, ಬೀಡಿ-ಸಿಗರೇಟು, ಕಿಮೋ, ಯಾವ ಜಾಗಕ್ಕೆ ಕೊಡ್ತಾರೆ ಎಂಬುದೂ ವ್ಯತ್ಯಾಸ ಮಾಡ್ತದೆ. ಹಾಗಾಗಿ ಚರ್ಮ ಸುಟ್ಟ ಮಾತ್ರಕ್ಕೆ ಮೆಷಿನ್ ತಪ್ಪು ಅಂತಲೋ, ಕಾಯಿಲೆ ಜೋರಾಯ್ತು ಅಂತಲೋ ತಿಳಿಯಬೇಡಿ.

ನಿಜವಾದ ಅಪಾಯ ಇರುವುದು ಹೆದರಿ ಮಧ್ಯದಲ್ಲೇ ಬಿಡುವುದರಲ್ಲಿ. ದಿನ ತಪ್ಪಿದರೆ ಚಿಕಿತ್ಸೆಯ ಬಲ ಕಡಿಮೆಯಾಗ್ತದೆ. ಉರಿ ಶುರುವಾದ ದಿನವೇ ಡಾಕ್ಟರಿಗೆ ಹೇಳಿ, ಮುಲಾಮು ಇದೆ. ಕೇಳದೆ ಎಣ್ಣೆ, ಅರಿಶಿನ, ಬಾಮ್ ಹಚ್ಚಬೇಡಿ. ಹೆಚ್ಚಿನವರಿಗೆ ಮುಗಿದ ಕೆಲವು ವಾರದಲ್ಲಿ ಚರ್ಮ ಮಾಯ್ತದೆ. ಮೊದಲು ಅದೇ ಜಾಗಕ್ಕೆ ರೇಡಿಯೇಶನ್ ಆಗಿದ್ದರೆ, ಲೂಪಸ್‌ನಂಥ ಕಾಯಿಲೆ, ಪೇಸ್‌ಮೇಕರ್ ಅಥವಾ ಗರ್ಭ ಇದ್ದರೆ ಶುರುವಿಗೇ ತಿಳಿಸಿ.

ಎಕ್ಸ್‌ರೇಗೂ ಇದೇ ಹೆದರಿಕೆ ಬೇಡ. ಎದೆಯ ಒಂದು ಎಕ್ಸ್‌ರೇ ಸುಮಾರು 0.1 ಮಿಲಿಸೀವರ್ಟ್. ಪ್ರಕೃತಿಯಿಂದಲೇ ಒಬ್ಬರಿಗೆ ವರ್ಷಕ್ಕೆ ಬರುವ ಜಾಗತಿಕ ಸರಾಸರಿ 2.4. ಆದರೂ ಮಕ್ಕಳ ದೇಹಕ್ಕೆ ರೇಡಿಯೇಶನ್ ಹೆಚ್ಚು ತಾಗ್ತದೆ. ಸಿಟಿ ಸ್ಕ್ಯಾನ್ ಹೇಳಿದರೆ 'ಬೇಕೇ ಬೇಕಾ ಡಾಕ್ಟ್ರೇ?' ಅಂತ ಕೇಳುವುದರಲ್ಲಿ ತಪ್ಪಿಲ್ಲ.