ಹೆಸರೊಂದು, ಹೂರಣವೆರಡು

ಅಮೆರಿಕದ ಹ್ಯೂಸ್ಟನ್ ನಗರದಲ್ಲಿ 1936ರಲ್ಲಿ ಆರಂಭವಾದ ಶಿಪ್ಲಿ ಬೇಕರಿಯ ಮಳಿಗೆಗಳು ಡೋನಟ್ ಮತ್ತು ಕೊಲಾಚೆಗಳಿಗೆ ಹೆಸರಾಗಿವೆ. ಎರಡನ್ನೂ ಸವಿದೆ. ಸಕ್ಕರೆ ಪಾಕ ಬಳಿದ ಡೋನಟ್ ನಾಲಿಗೆಯ ಮೇಲೆ ಕ್ಷಣದಲ್ಲೇ ಕರಗುತ್ತದೆ. ಅದರ ಬಗ್ಗೆ ಹೇಳಬೇಕಾದುದೂ ಅಷ್ಟೇ.

ಚಿಂತನೆಗೆ ಹಚ್ಚುವುದು ಕೊಲಾಚೆ. ಹತ್ತೊಂಬತ್ತನೆಯ ಶತಮಾನದಲ್ಲಿ ಟೆಕ್ಸಾಸಿಗೆ ವಲಸೆ ಬಂದ ಜೆಕ್ ಜನರಲ್ಲಿ ಬಹುಮಂದಿ ಕಥೋಲಿಕರು. ಪ್ರಾಹಾ ಎಂಬ ಗ್ರಾಮದಲ್ಲಿ 1895ರಲ್ಲಿ ಮಾತೆ ಮರಿಯಳ ಸುಂದರ ದೇವಾಲಯವನ್ನು ಕಟ್ಟಿಕೊಂಡವರು ಅವರೇ. ಮೆತ್ತನೆಯ ದುಂಡು ಬನ್ನಿನ ನಡುವೆ ಗಸಗಸೆಯನ್ನೋ ಹಣ್ಣಿನ ಪಾಕವನ್ನೋ ತುಂಬಿದ ಕೊಲಾಚೆ ಅವರ ಮದುವೆ, ಹಬ್ಬಗಳ ಸಿಹಿ.

ಇಂದು ಮಳಿಗೆಗಳಲ್ಲಿ ಅದೇ ಹೆಸರಿನಿಂದ ದೊರೆಯುವುದು ಹೆಚ್ಚಾಗಿ ಸಾಸೇಜ್ ಹುದುಗಿಸಿದ ಬನ್ನು. ಜೆಕ್ ಮನೆತನದ ಹಿರಿಯರಿಗೆ ಅದು ಕೊಲಾಚೆಯೇ ಅಲ್ಲ, 'ಕ್ಲೊಬಾಸ್ನೆಕ್'; ವೆಸ್ಟ್ ಎಂಬ ಪುಟ್ಟ ಊರಿನ ವಿಲೇಜ್ ಬೇಕರಿ ಅದನ್ನು ರೂಢಿಗೆ ತಂದಿತೆನ್ನುತ್ತಾರೆ. ಹೆಸರು ವಸ್ತುವಿನ ಸಾರವಲ್ಲವೆಂದು ತರ್ಕಶಾಸ್ತ್ರ ಬೋಧಿಸುತ್ತದೆ. ತಪಸ್ಸುಕಾಲದ ಶುಕ್ರವಾರ ಅದನ್ನೇ ಹೊಟ್ಟೆಗೆ ತಿಳಿಸಿಕೊಡುತ್ತದೆ! ಮಾಂಸವರ್ಜನೆಯ ಆ ದಿನ ಕಥೋಲಿಕನು ಹೆಸರನ್ನು ನಂಬಿ ಕೈಚಾಚುವಂತಿಲ್ಲ, ಒಳಗೇನಿದೆಯೆಂದು ಕೇಳಲೇಬೇಕು. ಹಣ್ಣಿನದು ಇಲ್ಲವೆಂದರೆ, ನಾನು ಹಗುರವಾಗಿ ಕಂಡ ಆ ಡೋನಟ್ಟೇ ಗತಿ.