ಗೇರ್‌ಬಾಕ್ಸಿಗೆ ಆರ್.ಸಿ. ಪುಸ್ತಕವಿಲ್ಲ
ಹಳೆಯ ಕ್ರೀಡಾ ಕಾರುಗಳ ಕಾರ್ಖಾನೆ ಸಂಕೇತಗಳು ಮತ್ತು ವ್ಯಾಪಾರಿ ಗಮನಿಸಬೇಕಾದ ಅಂಶಗಳು

ಕೊಪ್ಪಳ ತಾಲ್ಲೂಕಿನ ಬೇವಿನಹಳ್ಳಿಯಲ್ಲಿರುವ ಕಿರ್ಲೋಸ್ಕರ್ ಫೆರಸ್ ಇಂಡಸ್ಟ್ರೀಸ್ ಕಾರ್ಖಾನೆಯಲ್ಲಿ ಬೀಡುಕಬ್ಬಿಣದ ಜೊತೆಗೆ ಟ್ರ್ಯಾಕ್ಟರ್ ಹಾಗೂ ಮೋಟಾರು ವಾಹನಗಳ ಸಿಲಿಂಡರ್ ಬ್ಲಾಕ್, ಸಿಲಿಂಡರ್ ಹೆಡ್ ಮತ್ತು ನಾನಾ ಬಗೆಯ ಹೌಸಿಂಗ್‌ಗಳ ಎರಕವೂ ನಡೆಯುತ್ತದೆ. ಎರಕದ ಕೆಲಸವನ್ನು ಹತ್ತಿರದಿಂದ ಕಂಡವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಅಚ್ಚಿನಲ್ಲಿಯೇ ಕೆತ್ತಿದ ಸಂಖ್ಯೆಯು ಆ ಅಚ್ಚಿನಿಂದ ಹೊರಬಂದ ಪ್ರತಿಯೊಂದು ಎರಕದ ಮೇಲೂ ಉಬ್ಬಿದ ಅಂಕಿಗಳಾಗಿ ಮೂಡುತ್ತದೆ. ಆ ಸಂಖ್ಯೆ ತಿಳಿಸುವುದು ಪೆಟ್ಟಿಗೆ ಯಾವುದೆಂಬುದನ್ನು ಮಾತ್ರ. ಮುಂದೆ ಅದರೊಳಗೆ ಯಾವ ಗೇರು ಜೋಡಿಸಲಾಯಿತು, ಅದು ಯಾವ ವಾಹನಕ್ಕೆ ಹೋಯಿತು ಎಂಬುದನ್ನು ಅದು ತಿಳಿಸುವುದಿಲ್ಲ. ಈ ಸಣ್ಣ ವ್ಯತ್ಯಾಸವನ್ನು ಮರೆತ ಕಾರಣದಿಂದಲೇ ಹಳೆಯ ಕ್ರೀಡಾ ಕಾರುಗಳ ವಹಿವಾಟಿನಲ್ಲಿ ಕೊಳ್ಳುವವರು ದೊಡ್ಡ ಮೊತ್ತಗಳನ್ನು ಕಳೆದುಕೊಳ್ಳುತ್ತಾರೆ.

ಕ್ರೀಡಾ ಕಾರು ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ಅಪರೂಪದ ವಸ್ತುವೆಂಬುದು ನಿಜ. ಆದರೆ ಹಳೆಯ ಜೀಪು, ಜಿಪ್ಸಿ, ಕಾಂಟೆಸ್ಸಾ, ಯೆಜ್ಡಿಗಳ ಬಿಡಿಭಾಗಗಳನ್ನು ಮಾರುವವರಿಗೂ, ಗೇರ್‌ಬಾಕ್ಸ್ ಬಿಚ್ಚಿ ಕಟ್ಟುವ ವರ್ಕ್‌ಶಾಪ್‌ಗಳಿಗೂ, ಹಳೆಯ ವಾಹನಗಳ ಖರೀದಿ-ಮಾರಾಟ ಮಾಡುವವರಿಗೂ ಇದೇ ಪ್ರಶ್ನೆ ನಿತ್ಯ ಎದುರಾಗುತ್ತದೆ. ಕ್ರೀಡಾ ಕಾರಿನಲ್ಲಿ ಹಣದ ಪ್ರಮಾಣ ಹೆಚ್ಚಾದ್ದರಿಂದ ಪ್ರಶ್ನೆ ಅಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ, ಅಷ್ಟೇ.

ಮೂಲ ತೊಡಕು ದಾಖಲೆಗೆ ಸಂಬಂಧಿಸಿದ್ದು. ವಾಹನದ ನೋಂದಣಿ ಪತ್ರದಲ್ಲಿ ಚಾಸಿ ಸಂಖ್ಯೆ ಇರುತ್ತದೆ, ಎಂಜಿನ್ ಸಂಖ್ಯೆ ಇರುತ್ತದೆ. ಗೇರ್‌ಬಾಕ್ಸಿನ ಸಂಖ್ಯೆ ಇರುವುದಿಲ್ಲ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನಗಳ ನಿಯಮಗಳಿಗೆ ತಿದ್ದುಪಡಿ ತಂದು, 50 ವರ್ಷ ಮೀರಿದ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳಿಗೆ ವಿಂಟೇಜ್ ನೋಂದಣಿಯನ್ನು ಕಲ್ಪಿಸಲಾಯಿತು. ವಾಹನವು ಮೂಲ ಸ್ವರೂಪದಲ್ಲಿಯೇ ಇರತಕ್ಕದ್ದು ಎಂಬುದು ಅದರ ಷರತ್ತು. ಅಲ್ಲಿಯೂ ಮಹತ್ವದ ಮಾರ್ಪಾಡೆಂದು ಹೆಸರಿಸಿರುವುದು ಚಾಸಿ, ಬಾಡಿ ಶೆಲ್ ಮತ್ತು ಎಂಜಿನ್‌ಗಳಿಗೆ ಮಾಡಿದ ಬದಲಾವಣೆಯನ್ನೇ. ಹೀಗಾಗಿ ಕಾರಿನ ಬೆಲೆಯನ್ನು ಗಣನೀಯವಾಗಿ ಏರಿಳಿಸಬಲ್ಲ ಈ ಭಾಗವು ಸರಕಾರಿ ಕಾಗದದ ಕಾವಲಿಲ್ಲದೆಯೇ ಕೈಯಿಂದ ಕೈಗೆ ಹೋಗುತ್ತಿರುತ್ತದೆ. ಅದರ ಗುರುತು ಅದರ ಮೈಮೇಲೆಯೇ ಇದೆ. ಅದನ್ನು ಓದಬಲ್ಲವನೇ ಅದರ ಬೆಲೆ ಕಟ್ಟಬಲ್ಲ.

ಈ ವಿಷಯದಲ್ಲಿ ಅತಿ ಹೆಚ್ಚು ಚರ್ಚೆಗೆ ಒಳಗಾಗಿರುವುದು ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಮನ್ಸೀ ಗೇರ್‌ಬಾಕ್ಸ್. ಇಂಡಿಯಾನಾ ರಾಜ್ಯದ ಮನ್ಸೀ ಎಂಬ ಊರಿನಲ್ಲಿ ತಯಾರಾಗುತ್ತಿದ್ದುದರಿಂದ ಆ ಹೆಸರು ಬಂದಿತು. 1963ರ ಮಾದರಿಯಿಂದ 1974ರ ಮಾದರಿಯವರೆಗೆ ಷೆವ್ರೊಲೆ ಕಾರ್ವೆಟ್ ಹಾಗೂ ಅದೇ ಕಂಪನಿಯ ಇತರ ವೇಗದ ಕಾರುಗಳಿಗೆ ಇದನ್ನು ಜೋಡಿಸಲಾಯಿತು. ನಾಲ್ಕು ಗೇರುಗಳ ಈ ಪೆಟ್ಟಿಗೆಯಲ್ಲಿ ಎಂ 20, ಎಂ 21, ಎಂ 22 ಎಂದು ಮೂರು ಬಗೆಗಳಿದ್ದವು. ಎಂ 20ರ ಮೊದಲ ಗೇರಿನ ಅನುಪಾತ 1966ರಿಂದ ಈಚೆಗೆ 2.52, ಎಂ 21 ಮತ್ತು ಎಂ 22 ಎರಡರಲ್ಲಿಯೂ 2.20. ಎಂ 22ರಲ್ಲಿ ಹಲ್ಲುಗಳ ಓರೆ ಕಡಿಮೆ. ಅದರಿಂದ ಬಲ ಹೆಚ್ಚು, ಸದ್ದೂ ಹೆಚ್ಚು. ಆ ಸದ್ದಿನ ಕಾರಣದಿಂದಲೇ ಅದಕ್ಕೆ ರಾಕ್ ಕ್ರಷರ್ ಎಂಬ ಅಡ್ಡಹೆಸರು ಬಿದ್ದಿತು. ಜಲ್ಲಿ ಕ್ರಷರುಗಳ ಸದ್ದು ಕೇಳಿ ಬಲ್ಲ ನಮ್ಮ ಭಾಗದವರಿಗೆ ಆ ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ.

ಮೂರರಲ್ಲಿ ಎಂ 22 ಕಡಿಮೆ ಸಂಖ್ಯೆಯಲ್ಲಿ ತಯಾರಾದದ್ದು, ಆದ್ದರಿಂದ ಅದಕ್ಕೇ ಬೆಲೆ ಹೆಚ್ಚು. ಆದರೆ ಹೊರಗಿನ ಅಲ್ಯೂಮಿನಿಯಂ ಪೆಟ್ಟಿಗೆಯನ್ನು ನೋಡಿ ಇವುಗಳನ್ನು ಬೇರೆ ಮಾಡಲಾಗದು. 1960ರ ದಶಕದ ಕೊನೆಯ ಪೆಟ್ಟಿಗೆಗಳ ಮೇಲೆ ಕಾಣಸಿಗುವ 3925661 ಎಂಬ ಎರಕದ ಸಂಖ್ಯೆಯು ಮೂರೂ ಬಗೆಗಳ ಮೇಲೆ ಇರಬಹುದು. ಎರಕದ ಸಂಖ್ಯೆಯನ್ನು ತೋರಿಸಿ ಇದು ಎಂ 22 ಎಂದು ಹೇಳುವವನು ಗೋಣಿಚೀಲದ ಮೇಲಿನ ಅಚ್ಚನ್ನು ತೋರಿಸಿ ಒಳಗಿರುವುದು ಸೋನಾ ಮಸೂರಿಯೆಂದು ಹೇಳಿದಂತೆಯೇ ಸರಿ. ಗಂಗಾವತಿಯ ಅಕ್ಕಿ ವ್ಯಾಪಾರಿ ಚೀಲಕ್ಕೆ ಬಂಬು ಚುಚ್ಚಿ ಕಾಳು ನೋಡದೆ ದರ ಹೇಳುತ್ತಾನೆಯೇ?

ಎರಕದ ಸಂಖ್ಯೆಯ ನಂತರ ನೋಡಬೇಕಾದದ್ದು ಪಂಚ್ ಹೊಡೆದ ಸಂಖ್ಯೆ. ಇದು ಅಚ್ಚಿನಿಂದ ಬಂದದ್ದಲ್ಲ, ಜೋಡಣೆಯ ಹೊತ್ತಿನಲ್ಲಿ ಒಂದೊಂದು ಪೆಟ್ಟಿಗೆಗೂ ಪ್ರತ್ಯೇಕವಾಗಿ ಒತ್ತಿದ್ದು. ಮನ್ಸೀ ಪೆಟ್ಟಿಗೆಯಲ್ಲಿ ಅದು ಪಿ ಅಕ್ಷರದಿಂದ ಆರಂಭವಾಗುತ್ತದೆ. 1967ರ ನಂತರದ ಪದ್ಧತಿಯಲ್ಲಿ ಪಿ ಆದಮೇಲೆ ವರ್ಷದ ಕೊನೆಯ ಅಂಕಿ, ತಿಂಗಳಿಗೆ ಒಂದು ಅಕ್ಷರ, ಬಳಿಕ ದಿನಾಂಕ. ತಿಂಗಳ ಅಕ್ಷರಗಳಲ್ಲಿ ಒಂದು ಸೂಕ್ಷ್ಮವಿದೆ. ಜನವರಿಗೆ ಎ, ಫೆಬ್ರವರಿಗೆ ಬಿ ಎಂದು ಮೇ ತಿಂಗಳ ಇ ವರೆಗೆ ಸರಾಗವಾಗಿ ಸಾಗಿ, ಜೂನ್‌ಗೆ ಎಫ್ ಬದಲು ಎಚ್, ಜುಲೈಗೆ ಕೆ, ಆಗಸ್ಟ್‌ಗೆ ಎಂ ಎಂದು ಜಿಗಿಯುತ್ತದೆ. ನಕಲಿ ಪಂಚ್ ಹೊಡೆಯುವವನು ಸಾಮಾನ್ಯವಾಗಿ ಎಡವುವುದು ಇಂತಹ ಕಡೆಯಲ್ಲಿಯೇ. 1969ರಿಂದ ದಿನಾಂಕದ ಕೊನೆಗೆ ಮತ್ತೊಂದು ಅಕ್ಷರ ಸೇರಿತು: ಎಂ 20ಕ್ಕೆ ಎ, ಎಂ 21ಕ್ಕೆ ಬಿ, ಎಂ 22ಕ್ಕೆ ಸಿ.

ದಿನಾಂಕದ ಸಂಕೇತವನ್ನು ಲೆಕ್ಕಪತ್ರ ತಪಾಸಣೆಯ ಕಣ್ಣಿನಿಂದ ನೋಡಬೇಕು. ಕಾರಿನ ಜೋಡಣೆ 1968ರ ಫೆಬ್ರವರಿಯಲ್ಲಿ ಮುಗಿದಿದ್ದು, ಗೇರ್‌ಬಾಕ್ಸಿನ ಮೇಲೆ ಪಿ8ಡಿ10, ಅಂದರೆ 1968ರ ಏಪ್ರಿಲ್ 10 ಎಂದಿದ್ದರೆ ಆ ಪೆಟ್ಟಿಗೆ ಆ ಕಾರಿನೊಂದಿಗೆ ಹುಟ್ಟಿದ್ದಲ್ಲ. ಸರಕು ಬರುವ ಮೊದಲೇ ಮಾರಾಟದ ಬಿಲ್ ಆಗಿರುವುದನ್ನು ಕಂಡಾಗ ಲೆಕ್ಕಿಗನಿಗೆ ಬರುವ ಸಂಶಯವೇ ಇಲ್ಲಿಯೂ ಬರಬೇಕು. ದಿನಾಂಕದ ಜೊತೆಗೆ, 1960ರ ದಶಕದ ಕೊನೆಯ ವರ್ಷಗಳಿಂದ ಕಾರಿನ ಕ್ರಮಸಂಖ್ಯೆಯ ಕೊನೆಯ ಭಾಗವನ್ನೂ ಪೆಟ್ಟಿಗೆಯ ಮೇಲೆ ಒತ್ತಲಾಗುತ್ತಿತ್ತು. ಅದು ಚಾಸಿ ಸಂಖ್ಯೆಯೊಂದಿಗೆ ತಾಳೆಯಾದರೆ ಮಾತ್ರ ಮೂಲ ಜೋಡಿಯೆಂದು ಹೇಳಬಹುದು. ಆ ಕಾಲದ ಕಾರ್ವೆಟ್‌ನ ಕ್ರಮಸಂಖ್ಯೆಯಲ್ಲಿ ಗೇರ್‌ಬಾಕ್ಸಿನ ಬಗೆಯ ಸುಳಿವೇ ಇಲ್ಲ. 17 ಅಕ್ಷರಗಳ ಸಂಖ್ಯೆ ಅಮೆರಿಕದಲ್ಲಿ ಕಡ್ಡಾಯವಾದದ್ದು 1981ರ ಮಾದರಿಗಳಿಂದ. ಗ್ರಾಹಕ ಯಾವ ಗೇರ್‌ಬಾಕ್ಸನ್ನು ಕೇಳಿದ್ದನೆಂಬ ವಿವರದ ಚೀಟಿಯನ್ನು ಕಾರ್ಖಾನೆಯವರು ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗಕ್ಕೆ ಅಂಟಿಸಿ ಕಳುಹಿಸುತ್ತಿದ್ದರು! ಟ್ಯಾಂಕ್ ಇಳಿಸಿದಾಗ ಅದು ಸಿಕ್ಕರೆ ಮಾಲೀಕನ ಪುಣ್ಯ.

ಇಷ್ಟೆಲ್ಲ ತಾಳೆ ನೋಡಿದ ಮೇಲೂ ಒಳಗಿನ ಗೇರುಗಳನ್ನು ಬದಲಿಸಿರಬಹುದೆಂಬ ಸಂಶಯ ಉಳಿಯುತ್ತದೆ. ಅದಕ್ಕೆ ಸುಲಭದ ಪರೀಕ್ಷೆಗಳಿವೆ. 1966ರ ನಂತರದ ಪೆಟ್ಟಿಗೆಗಳಲ್ಲಿ ಇನ್‌ಪುಟ್ ಶಾಫ್ಟಿನ ಸ್ಪ್ಲೈನ್ ಭಾಗದ ಸುತ್ತ ಎರಡು ಗೀರುಗಳಿದ್ದರೆ ಎಂ 20, ಒಂದಿದ್ದರೆ ಎಂ 21, ಗೀರೇ ಇಲ್ಲದಿದ್ದರೆ ಎಂ 22 ಎಂಬುದು ರೂಢಿಯ ಗುರುತು. ಶಾಫ್ಟನ್ನೇ ಬದಲಿಸಿದ್ದರೆ ಈ ಗುರುತಿಗೆ ಅರ್ಥವಿಲ್ಲ. ಆದ್ದರಿಂದ ಮೊದಲ ಗೇರಿಗೆ ಹಾಕಿ, ಇನ್‌ಪುಟ್ ಶಾಫ್ಟನ್ನು ಕೈಯಿಂದ ಹತ್ತು ಸುತ್ತು ತಿರುಗಿಸಿ, ಹಿಂದಿನ ಶಾಫ್ಟ್ ಎಷ್ಟು ಸುತ್ತಿತೆಂದು ಎಣಿಸಬೇಕು. ಸುಮಾರು ನಾಲ್ಕು ಸುತ್ತಾದರೆ ಎಂ 20. ನಾಲ್ಕೂವರೆಯಾದರೆ ಉಳಿದೆರಡರಲ್ಲಿ ಒಂದು. ಆ ಎರಡರಲ್ಲಿ ಯಾವುದೆಂಬುದು ಪಕ್ಕದ ಮುಚ್ಚಳ ಬಿಚ್ಚಿ ಹಲ್ಲುಗಳ ಓರೆಯನ್ನು ಕಣ್ಣಾರೆ ಕಂಡಾಗಲೇ ತಿಳಿಯುವುದು. ಸುತ್ತು ಎಣಿಸುವ ಈ ಕ್ರಮ ಯಾವ ದೇಶದ, ಯಾವ ಗೇರ್‌ಬಾಕ್ಸಿಗಾದರೂ ಸಲ್ಲುತ್ತದೆ, ಖರ್ಚೂ ಇಲ್ಲ.

ಜರ್ಮನಿಯ ಪೋರ್ಷೆ ಕಂಪನಿಯ 911 ಕಾರುಗಳಲ್ಲಿ ಗುರುತಿಸುವುದು ಇದಕ್ಕಿಂತ ಸುಲಭ. ಅಲ್ಲಿ ಆರಂಭದ 901, 1972ರಿಂದ 915, 1987ರಿಂದ ಜಿ50 ಎಂದು ಗೇರ್‌ಬಾಕ್ಸಿನ ಪೀಳಿಗೆಗಳೇ ಬೇರೆ ಬೇರೆ. ಚಾಲಕನ ಆಸನದಲ್ಲಿ ಕುಳಿತು ಗೇರ್ ಹಾಕಿದರೂ ಸಾಕು: ಐದು ಗೇರಿನ 901ರಲ್ಲಿ ಮೊದಲ ಗೇರ್ ಎಡಕ್ಕೆ ಹಿಂದೆ, 915ರಲ್ಲಿ ರಿವರ್ಸ್ ಬಲಕ್ಕೆ ಹಿಂದೆ, ಜಿ50ಯಲ್ಲಿ ರಿವರ್ಸ್ ಎಡಕ್ಕೆ ಮುಂದೆ.

ನಮ್ಮ ರಾಜ್ಯಕ್ಕೂ ತನ್ನದೇ ಕ್ರೀಡಾ ಕಾರಿನ ಉದಾಹರಣೆಯಿದೆ. ಬೆಂಗಳೂರಿನ ಸ್ಯಾನ್ ಮೋಟಾರ್ಸ್ 1990ರ ದಶಕದ ಕೊನೆಯಲ್ಲಿ ಸ್ಟಾರ್ಮ್ ಎಂಬ ಎರಡು ಆಸನಗಳ, ಫೈಬರ್ ಮೈಯ ಪುಟ್ಟ ಕಾರನ್ನು ಪೇಟೆಗೆ ತಂದಿತು. ಅದರ ಎಂಜಿನ್ ಫ್ರಾನ್ಸಿನ ರೆನೋ ಕಂಪನಿಯ 1149 ಸಿ.ಸಿ. ಎಂಜಿನ್, ಗೇರುಗಳು ಐದು. ಸ್ಟಾರ್ಮ್ ತಯಾರಿಕೆ ನಿಂತು ವರ್ಷಗಳಾಗಿವೆ. ಬಿಡಿಭಾಗದ ಅಂಗಡಿಯಲ್ಲಿ ಕಾರಿನ ಹೆಸರು ಹೇಳಿದರೆ ಪ್ರಯೋಜನವಾಗುವುದಿಲ್ಲ. ಆದರೆ ರೆನೋ ಗೇರ್‌ಬಾಕ್ಸುಗಳ ಮೇಲೆ ಬಗೆಯ ಸಂಕೇತ, ಅದರ ಉಪಸಂಖ್ಯೆ ಮತ್ತು ತಯಾರಿಕೆಯ ಕ್ರಮಾಂಕ ಹೀಗೆ ಮೂರು ವಿವರಗಳಿರುತ್ತವೆ. ಅವುಗಳ ಮೂಲಕ ಹುಡುಕಿದರೆ ದಾರಿ ಸಿಗುತ್ತದೆ. ಇಸುಝು ಎಂಜಿನ್ ಬಂದ ಮೇಲಿನ ಐದು ಗೇರಿನ ಕಾಂಟೆಸ್ಸಾ, ನಿಸ್ಸಾನ್ ಎಂಜಿನ್ ಮತ್ತು ಗೇರ್‌ಬಾಕ್ಸ್ ಹೊಂದಿದ್ದ ಪ್ರೀಮಿಯರ್ 118 ಎನ್.ಇ. ಕಾರುಗಳ ವಿಷಯವೂ ಇದೇ. ಕಾರಿನ ಮೂತಿಯ ಮೇಲಿನ ಹೆಸರು ಒಬ್ಬರದು, ಪೆಟ್ಟಿಗೆಯ ಮೇಲಿನ ಸಂಕೇತ ಇನ್ನೊಬ್ಬರದು. ಬಿಡಿಭಾಗದ ವ್ಯಾಪಾರಿಗೆ ಉಪಯೋಗಕ್ಕೆ ಬರುವುದು ಎರಡನೆಯದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಮೋಟಾರ್ ಸೈಕಲ್‌ಗಳಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಒಂದೇ ಕವಚದೊಳಗಿರುವುದರಿಂದ ಎಂಜಿನ್ ಸಂಖ್ಯೆಯೇ ಎರಡಕ್ಕೂ ಗುರುತು. ಒಳಗಿನ ಗೇರುಗಳಿಗೆ ಮಾತ್ರ ಆ ಭರವಸೆಯೂ ಇಲ್ಲ.

ಹೆಸರಿನ ಗೊಂದಲಕ್ಕೆ ನಮ್ಮಲ್ಲಿಯೇ ನಿದರ್ಶನವಿದೆ. ಯಲಬುರ್ಗಾ ಸೀಮೆಯ ಮಂಗಳೂರಿಗೆ ಕಳುಹಿಸಬೇಕಾದ ಪಾರ್ಸೆಲ್ ಮೇಲೆ ಬರಿಯ ಮಂಗಳೂರು ಎಂದು ಬರೆದರೆ ಅದು ಕಡಲ ದಡಕ್ಕೆ ಹೋದೀತು. ಕೆಎ 37 ಯಾವುದು, ಕೆಎ 19 ಯಾವುದು ಎಂಬ ಸಂಕೇತವೇ ಅಲ್ಲಿ ತೀರ್ಮಾನ ಹೇಳುವುದು.

ಇನ್ನು ಕಾನೂನಿನ ಕಡೆಗೆ. 1930ರ ಸರಕು ಮಾರಾಟ ಅಧಿನಿಯಮದ 15ನೆಯ ಪ್ರಕರಣದ ಪ್ರಕಾರ, ವರ್ಣನೆಯ ಮೇರೆಗೆ ಮಾರಿದ ಸರಕು ಆ ವರ್ಣನೆಗೆ ಹೊಂದತಕ್ಕದ್ದೆಂಬುದು ಕರಾರಿನಲ್ಲಿ ಅಂತರ್ಗತವಾದ ಷರತ್ತು. ಬಿಲ್ಲಿನಲ್ಲಿ ಎಂ 22 ಎಂದು ಬರೆದ ಕ್ಷಣದಿಂದ ಅದು ವರ್ಣನೆಯಾಗುತ್ತದೆ. ಒಳಗೆ ಎಂ 21 ಸಿಕ್ಕರೆ ಹಳೆಯ ಮಾಲೀಕ ಹಾಗೆ ಹೇಳಿದ್ದನೆಂಬ ಸಮಜಾಯಿಷಿ ಮಾರಿದವನನ್ನು ಉಳಿಸುವುದಿಲ್ಲ. ಬಿಲ್ಲಿನಲ್ಲಿ ಕೇವಲ ಹಳೆಯ ಗೇರ್‌ಬಾಕ್ಸ್ 1 ಎಂದಷ್ಟೇ ಬರೆಸಿಕೊಂಡು ಬಂದ ಖರೀದಿದಾರನಿಗೆ ಈ ಪ್ರಕರಣದ ಆಸರೆ ಅಷ್ಟಾಗಿ ದೊರೆಯುವುದಿಲ್ಲ. ಕೊಳ್ಳುವವನೇ ನೋಡಿ ಕೊಳ್ಳತಕ್ಕದ್ದೆಂಬ 16ನೆಯ ಪ್ರಕರಣದ ಸಾಮಾನ್ಯ ತತ್ತ್ವ ಅವನಿಗೆ ಎದುರಾಗಿ ನಿಲ್ಲುತ್ತದೆ.

ತೆರಿಗೆಯ ವಿಷಯದಲ್ಲಿಯೂ ಇಡೀ ವಾಹನ ಬೇರೆ, ಬಿಚ್ಚಿದ ಗೇರ್‌ಬಾಕ್ಸ್ ಬೇರೆ. ನೋಂದಾಯಿತ ವ್ಯಾಪಾರಿಯು ಹೂಡುವಳಿ ತೆರಿಗೆ ಪಡೆಯದೆ ಕೊಂಡು ಮಾರುವ ಹಳೆಯ ವಾಹನಗಳಿಗೆ 2025ರ ಜನವರಿಯಿಂದ ಲಾಭಾಂಶದ ಮೇಲೆ ಶೇ. 18ರಷ್ಟು ಜಿ.ಎಸ್.ಟಿ. ಅನ್ವಯವಾಗುತ್ತದೆ. ಗೇರ್‌ಬಾಕ್ಸನ್ನು ಬೇರ್ಪಡಿಸಿ ಮಾರಿದರೆ ಅದು 8708ನೆಯ ಶೀರ್ಷಿಕೆಯ ಬಿಡಿಭಾಗ. ಅದರ ದರವು ಶೇ. 28 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿದೆ. ದರ ಒಂದೇ ಆಯಿತೆಂದು ಎರಡನ್ನೂ ಒಂದೇ ಖಾತೆಗೆ ಬರೆಯುವುದು ಸಲ್ಲದು. ಕಾರಿನಿಂದ ಮೂಲ ಪೆಟ್ಟಿಗೆಯನ್ನು ತೆಗೆದು ಮಾರಿ, ಬೇರೊಂದನ್ನು ಕೂರಿಸಿ, ಕಾರನ್ನು ಮೂಲ ಸ್ಥಿತಿಯದೆಂದು ಮಾರುವ ವಹಿವಾಟುಗಳು ಪತ್ತೆಯಾಗುವುದು ದಾಸ್ತಾನು ಪುಸ್ತಕದಲ್ಲಿಯೇ.

ಆದ್ದರಿಂದ ದಾಸ್ತಾನು ಪುಸ್ತಕದಲ್ಲಿ ಗೇರ್‌ಬಾಕ್ಸಿಗೆ ಒಂದು ಪ್ರತ್ಯೇಕ ಪುಟವಿರಲಿ. ಎರಕದ ಸಂಖ್ಯೆ, ಪಂಚ್ ಸಂಖ್ಯೆ, ತಗಡಿನ ಮೇಲಿನ ಸಂಕೇತ, ಎಣಿಸಿ ಕಂಡ ಅನುಪಾತ, ಯಾವ ಚಾಸಿಯಿಂದ ಇಳಿಸಿದ್ದು ಎಂಬ ವಿವರಗಳನ್ನು ಬರೆದು, ಸಂಖ್ಯೆಗಳ ಛಾಯಾಚಿತ್ರವನ್ನು ಖರೀದಿ ಬಿಲ್ಲಿಗೆ ಲಗತ್ತಿಸಬೇಕು. ಸಂಖ್ಯೆಯ ಮೇಲಿನ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕೇ ಹೊರತು ತಂತಿ ಬ್ರಷ್ ಅಥವಾ ಗ್ರೈಂಡರ್ ತಾಗಿಸಬಾರದು. ಉಜ್ಜಿದ ಗುರುತು ಕಂಡರೆ ಮುಂದಿನ ಖರೀದಿದಾರನು ಅಸಲಿ ಸಂಖ್ಯೆಯನ್ನೂ ನಂಬಲಾರ. ಮುಚ್ಚಳ ಬಿಚ್ಚಿ ನೋಡಿಲ್ಲವೆಂದಾದರೆ ಮಾರಾಟದ ಬಿಲ್ಲಿನಲ್ಲಿ ಹೊರಗೆ ಕಂಡ ಸಂಖ್ಯೆಗಳನ್ನಷ್ಟೇ ನಮೂದಿಸಿ, ಒಳಭಾಗವನ್ನು ಪರಿಶೀಲಿಸಿಲ್ಲ ಎಂದು ಸ್ಪಷ್ಟವಾಗಿ ಬರೆದು, ಖರೀದಿದಾರನ ಸಹಿ ಪಡೆಯತಕ್ಕದ್ದು.